ಮುತ್ತಿಗೆಯೊಳಗಿನ ಕ್ರಯಪತ್ರ

ಕ್ರೈಸ್ತರ ಮನೆಗಳ ಗೋಡೆಗೆ ತೂಗುಹಾಕುವ ವಚನಫಲಕಗಳಲ್ಲಿ, ಕ್ಯಾಲೆಂಡರುಗಳ ಅಂಚಿನಲ್ಲಿ, ಪರೀಕ್ಷೆಗೋ ಪರದೇಶಕ್ಕೋ ಹೊರಟ ಮಕ್ಕಳಿಗೆ ಹಿರಿಯರು ಬರೆದುಕೊಡುವ ಹಾರೈಕೆಯ ಚೀಟಿಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಒಂದು ವಾಕ್ಯವು ಹೀಬ್ರೂ ಪ್ರವಾದಿಯಾದ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದಲ್ಲಿದೆ. ದೇವರು ತನ್ನ ಜನರಿಗಾಗಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಅವರ ಕ್ಷೇಮವನ್ನೇ ಎಂದೂ, ಮುಂಬರುವ ಕಾಲವನ್ನು ಅವರು ಭರವಸೆಯಿಂದ ಎದುರುನೋಡಬಹುದೆಂದೂ ಅದರ ತಾತ್ಪರ್ಯ. ಎಷ್ಟೋ ಮಂದಿ ನೊಂದವರು ಈ ವಾಕ್ಯದಿಂದ ಸಮಾಧಾನ ಪಡೆದಿದ್ದಾರೆ. ಆ ಸಮಾಧಾನವನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಆದರೆ ಫಲಕದ ಮೇಲೆ ಅಚ್ಚಾಗದೆ ಉಳಿದುಹೋಗಿರುವ ಅದರ ಹಿಂದಿನ ವಾಕ್ಯವನ್ನೂ ಸೇರಿಸಿ ಓದಿದವರಿಗೆ ಅದರ ತೂಕವೇ ಬೇರೆಯಾಗಿ ತೋರುತ್ತದೆ. ಏಕೆಂದರೆ ಬಿಡುಗಡೆಗೆ ಇನ್ನೂ 70 ವರ್ಷಗಳು ಕಳೆಯಬೇಕೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಮಾತನ್ನು ಮೊದಲು ಕೇಳಿದ ನಡುವಯಸ್ಸಿನವರಲ್ಲಿ ಯಾರೂ ತಮ್ಮ ಊರಿನ ಬೀದಿಯನ್ನು ಮತ್ತೆ ತುಳಿಯುವ ಸಂಭವವಿರಲಿಲ್ಲ.

ಆ ಅಧ್ಯಾಯವು ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸನಾದ ನೆಬೂಕದ್ನೆಚ್ಚರನಿಗೆ ಯೆರೂಸಲೇಮ್ ಪಟ್ಟಣವು ಶರಣಾಗತವಾಯಿತು. ತರುಣನಾದ ಅರಸು ಯೆಹೋಯಾಖೀನನನ್ನೂ ಅವನ ತಾಯಿಯನ್ನೂ ಅರಮನೆಯ ಅಧಿಕಾರಿಗಳನ್ನೂ ಕಮ್ಮಾರ ಬಡಗಿಗಳನ್ನೂ ವಿಜೇತನು ಸೆರೆಯೊಯ್ದು, ಚಿದ್ಕೀಯನೆಂಬವನನ್ನು ಹೆಸರಿಗೆ ಅರಸನನ್ನಾಗಿ ಕೂರಿಸಿ ಹೋದನು. ಹೀಗೆ ದೂರದೇಶಕ್ಕೆ ಹೋದವರಿಗೆ, ಯೆರೂಸಲೇಮಿನಲ್ಲಿಯೇ ಉಳಿದಿದ್ದ ಯೆರೆಮೀಯನು ರಾಜದೂತರ ಕೈಯಲ್ಲಿ ಕಳುಹಿಸಿದ ಪತ್ರವದು. ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟ ಹಾಕಿರಿ, ಅದರ ಫಲವನ್ನು ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಒಳಿತಿಗಾಗಿಯೇ ಪ್ರಾರ್ಥಿಸಿರಿ ಎಂಬುದು ಅದರ ಬುದ್ಧಿವಾದ. ಶತ್ರುವಿನ ನಗರಕ್ಕಾಗಿ ಪ್ರಾರ್ಥನೆ! ಊರಿಗೆ ಹಿಂದಿರುಗುವ ದಿನವನ್ನು ಬೆರಳು ಮಡಿಸಿ ಎಣಿಸುತ್ತಿದ್ದವರಿಗೆ ಇದು ಎಷ್ಟು ಕಹಿಯಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಅವರಲ್ಲೊಬ್ಬನು ಈ ಯೆರೆಮೀಯನಿಗೆ ಕೋಳ ತೊಡಿಸಬಾರದೇಕೆ ಎಂದು ಯೆರೂಸಲೇಮಿನ ಯಾಜಕರಿಗೆ ಬರೆದು ಕೇಳಿದನು.

ಅವರ ಎಣಿಕೆಗೆ ಆಧಾರವಾದ ಮಾತೂ ಒಂದಿದ್ದಿತು. ಗಿಬ್ಯೋನಿನ ಹನನ್ಯನೆಂಬ ಇನ್ನೊಬ್ಬ ಪ್ರವಾದಿ, ದೇವಾಲಯದಲ್ಲಿ ಸಮಸ್ತರ ಎದುರಿಗೆ ನಿಂತು, ಎರಡೇ ವರ್ಷಗಳಲ್ಲಿ ಸೆರೆಯವರೂ ದೇವಾಲಯದ ಪಾತ್ರೆಗಳೂ ಹಿಂದಿರುಗುವುದಾಗಿ ಸಾರಿದನು. ಆಗ ಯೆರೆಮೀಯನು, ಬಾಬಿಲೋನಿಗೆ ತಲೆಬಾಗುವುದೊಂದೇ ಉಳಿಯುವ ದಾರಿಯೆಂಬುದಕ್ಕೆ ಗುರುತಾಗಿ, ಮರದ ನೊಗವೊಂದನ್ನು ತನ್ನ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದನು. ಹನನ್ಯನ ಮಾತನ್ನು ಕೇಳಿದ ಕೂಡಲೆ ಅವನು ಸಿಡಿದೇಳಲಿಲ್ಲ; ಹಾಗೆಯೇ ಆಗಲಿ, ದೇವರು ಹಾಗೆ ಮಾಡಲಿ ಎಂದನು. ಈ ಸ್ಥಳಕ್ಕೆ ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಶುಭವು ಬೇಗ ಬರಲೆಂದು ಅವನಿಗೂ ಆಸೆಯಿತ್ತು. ತಾನು ಹೇಳಿದ್ದು ಸುಳ್ಳಾದರೂ ಚಿಂತೆಯಿಲ್ಲ, ಜನ ಬದುಕಲಿ ಎಂಬ ಹಂಬಲ ಆ ಮಾತಿನಲ್ಲಿದೆ. ಹನನ್ಯನು ನೊಗವನ್ನು ಅವನ ಕೊರಳಿನಿಂದ ಕಿತ್ತು ಮುರಿದುಹಾಕಿದನು. ಯೆರೆಮೀಯನು ಪ್ರತಿಯಾಡದೆ ತನ್ನ ದಾರಿ ಹಿಡಿದು ಹೋದನು. ಕೆಲಕಾಲದ ಮೇಲೆಯೇ ಅವನಿಗೆ ಉತ್ತರ ದೊರೆತದ್ದು: ಮರದ ನೊಗವನ್ನು ಮುರಿದದ್ದರಿಂದ ಆ ಸ್ಥಾನಕ್ಕೆ ಕಬ್ಬಿಣದ ನೊಗ ಬಂದಿತೆಂದು.

ಎರಡು ವರ್ಷ, 70 ವರ್ಷ: ಈ ಎರಡು ಎಣಿಕೆಗಳ ನಡುವಣ ಅಂತರದಲ್ಲಿಯೇ ಹೀಬ್ರೂ ಪ್ರವಾದಿಗಳ ಆಶೆಯ ಸ್ವರೂಪವೆಲ್ಲ ಅಡಗಿದೆಯೆಂದು ನನಗೆ ತೋರುತ್ತದೆ. ಹನನ್ಯನ ಮಾತನ್ನು ನಂಬಿದವನು ಪೆಟ್ಟಿಗೆಯನ್ನು ಬಿಚ್ಚದೆ, ಸಸಿಯನ್ನು ನೆಡದೆ, ಕಾಲದ ಹೊಸ್ತಿಲ ಮೇಲೆ ಕುಳಿತು ಬಾಡಿಹೋಗುತ್ತಾನೆ. ಯೆರೆಮೀಯನ ಮಾತನ್ನು ನಂಬಿದವನಿಗೆ ನಾಳೆ ಬೆಳಗ್ಗೆ ಮಾಡಬೇಕಾದ ಕೆಲಸವೊಂದಿದೆ. ಚರಿತ್ರೆ ನೋಡಿದರೆ ಕೆಲಸ ಮಾಡಿದವರೇ ಉಳಿದರು. ನೆಬೂಕದ್ನೆಚ್ಚರನ ಅರಮನೆಯ ಅವಶೇಷಗಳಲ್ಲಿ ದೊರೆತ ಜೇಡಿಮಣ್ಣಿನ ಲೆಕ್ಕದ ಫಲಕಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಎಣ್ಣೆಯ ಪಡಿ ಅಳೆದುಕೊಟ್ಟ ದಾಖಲೆಯಿದೆ. 1939ರಲ್ಲಿ ಪ್ರಕಟವಾದ ಈ ಫಲಕಗಳು ಬೈಬಲಿನ ಕಥನಕ್ಕೆ ಹೊರಗಿನ ಸಾಕ್ಷಿಯಾಗಿ ನಿಂತಿವೆ. ಇನ್ನೂ ಇತ್ತೀಚೆಗೆ, 2014ರಲ್ಲಿ ಅಚ್ಚಾದ ಬೇರೊಂದು ಫಲಕಸಮೂಹದಿಂದ, ಬಾಬಿಲೋನಿಯದ ಗ್ರಾಮಾಂತರದಲ್ಲಿ ಯೆಹೂದದ ಹೆಸರನ್ನೇ ಇಟ್ಟುಕೊಂಡ ಊರೊಂದಿದ್ದಿತೆಂದೂ, ಅಲ್ಲಿನ ವಲಸಿಗರು ಹೊಲ ಉಳುತ್ತ, ಖರ್ಜೂರ ಜವೆಗೋದಿಗಳನ್ನು ಬೆಳೆಯುತ್ತ, ಗುತ್ತಿಗೆಯ ಪತ್ರಗಳನ್ನು ಬರೆಸುತ್ತ, ತೆರಿಗೆ ಕಟ್ಟುತ್ತ ತಲೆಮಾರುಗಳ ಕಾಲ ಬಾಳಿದರೆಂದೂ ತಿಳಿದುಬಂದಿದೆ. ಆ ಒಕ್ಕಲುಗಳಲ್ಲಿ ಎಷ್ಟು ಮಂದಿ ಯೆರೆಮೀಯನ ಕಾಗದವನ್ನು ಕೇಳಿದ್ದರೋ ಹೇಳುವಂತಿಲ್ಲ. ಆದರೆ ಅವರು ಬಾಳಿದ ರೀತಿ ಮಾತ್ರ ಆ ಕಾಗದದ ರೀತಿಯೇ ಆಗಿತ್ತು.

ಇಂಥ ಮಾತನ್ನು ಆಡಿದವನು ಸ್ವಭಾವದಿಂದ ಸ್ಥಿತಪ್ರಜ್ಞನಾಗಿದ್ದನೆಂದು ಯಾರೂ ಭಾವಿಸಬಾರದು. ಯೆರೂಸಲೇಮಿನ ಈಶಾನ್ಯಕ್ಕೆ ಸುಮಾರು 5 ಕಿಲೋಮೀಟರು ದೂರದ ಅನಾತೋತ್ ಎಂಬ ಗ್ರಾಮದ ಯಾಜಕರ ಮನೆತನದಲ್ಲಿ ಹುಟ್ಟಿದ ಅವನಿಗೆ ಅರಸು ಯೋಷೀಯನ ಆಳ್ವಿಕೆಯ 13ನೆಯ ವರ್ಷದಲ್ಲಿ, ಎಂದರೆ ಕ್ರಿ.ಪೂ. 627ರ ಸುಮಾರಿನಲ್ಲಿ, ಕರೆ ಬಂದಾಗ ಅವನು ಮೊದಲು ಮಾಡಿದ್ದು, ತಾನಿನ್ನೂ ಹುಡುಗನೆಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದ್ದು. ಅವನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಅವನ ಹುಟ್ಟೂರಿನವರೇ ಅವನನ್ನು ಕೊಲ್ಲಲು ಹೊಂಚುಹಾಕಿದರು. ತಾನು ಹುಟ್ಟಿದ ದಿನವನ್ನು ಅವನು ಶಪಿಸಿದ ಭಾಗವನ್ನು ಓದುವಾಗ, ಇಷ್ಟು ನಿಷ್ಠುರವಾದ ದೂರನ್ನು ಪವಿತ್ರಗ್ರಂಥದೊಳಗೆ ಅಳಿಸದೆ ಉಳಿಸಿದವರ ಧೈರ್ಯಕ್ಕೆ ತಲೆದೂಗಬೇಕೆನ್ನಿಸುತ್ತದೆ. ದೇವರು ತನ್ನನ್ನು ಮರುಳುಗೊಳಿಸಿದನೆಂದೂ, ಸುಮ್ಮನಿರೋಣವೆಂದರೆ ಆ ವಾಣಿಯು ಎಲುಬುಗಳಲ್ಲಿ ಬೆಂಕಿಯಂತೆ ಉರಿಯುತ್ತದೆಂದೂ ಅವನು ಮೊರೆಯಿಡುತ್ತಾನೆ. ಕಷ್ಟದಲ್ಲಿರುವ ಭಕ್ತನು ಗೊಣಗಬಾರದು, ನಗುಮುಖದಿಂದ ಸಹಿಸಬೇಕು ಎಂದು ಉಪದೇಶಿಸುವವರು ಈ ಪುಟಗಳನ್ನು ತೆರೆದು ನೋಡುವುದು ಒಳ್ಳೆಯದು.

ಅವನ ಮಾತುಗಳನ್ನು ಬರೆದುಕೊಳ್ಳುತ್ತಿದ್ದ ಲೇಖಕನು ಬಾರೂಕ. ಅವನು ಬರೆದ ಸುರುಳಿಯನ್ನು ಅರಸು ಯೆಹೋಯಾಕೀಮನ ಮುಂದೆ ಓದಿದರು. ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದ ಅರಸನು ಮೂರು ನಾಲ್ಕು ಅಂಕಣಗಳು ಓದಿಯಾಗುತ್ತಲೂ ಅಷ್ಟನ್ನು ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕುತ್ತ, ಕೊನೆಗೆ ಸುರುಳಿಯನ್ನೆಲ್ಲ ಸುಟ್ಟುಬಿಟ್ಟನು. ಸುಡಬೇಡವೆಂದು ಅರಸನನ್ನು ಬೇಡಿಕೊಂಡವರಲ್ಲಿ ಶಾಫಾನನ ಮಗ ಗೆಮರ್ಯನು ಒಬ್ಬ. ಯೆರೆಮೀಯನು ಬಾರೂಕನ ಕೈಯಲ್ಲಿ ಇನ್ನೊಂದು ಸುರುಳಿಯನ್ನು ಬರೆಯಿಸಿದನು, ಮತ್ತಷ್ಟು ಮಾತುಗಳನ್ನು ಸೇರಿಸಿ. 1980ರ ದಶಕದ ಆರಂಭದಲ್ಲಿ ಯೆರೂಸಲೇಮಿನ ದಾವೀದನ ನಗರದಲ್ಲಿ ಯಿಗಾಲ್ ಶಿಲೋ ನಡೆಸಿದ ಉತ್ಖನನದಲ್ಲಿ, ಪಟ್ಟಣದ ಪತನಕಾಲದಲ್ಲಿ ಸುಟ್ಟುಹೋದ ಕಟ್ಟಡವೊಂದರೊಳಗೆ 51 ಮಣ್ಣಿನ ಮುದ್ರೆಗಳು ಸಿಕ್ಕಿದವು. ಅವುಗಳಲ್ಲೊಂದರ ಮೇಲೆ ಶಾಫಾನನ ಮಗ ಗೆಮರ್ಯನ ಹೆಸರಿದೆ, ಅವನು ಇದೇ ಗೆಮರ್ಯನೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಆ ಮುದ್ರೆಗಳನ್ನು ಒತ್ತಿದ್ದ ಪತ್ರಗಳೆಲ್ಲ ಬೂದಿಯಾದವು. ಹಸಿಮಣ್ಣಿನ ಮುದ್ರೆಗಳು ಮಾತ್ರ, ನಗರವನ್ನು ಸುಟ್ಟ ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ, 2500 ವರ್ಷಗಳಿಗೂ ಮಿಗಿಲಾಗಿ ಉಳಿದವು.

ಇನ್ನು ಮುತ್ತಿಗೆಯ ವಿಷಯ. ಚಿದ್ಕೀಯನು ಬಾಬಿಲೋನಿಗೆ ದ್ರೋಹ ಬಗೆದುದರಿಂದ ನೆಬೂಕದ್ನೆಚ್ಚರನ ಸೇನೆಯು ಮತ್ತೆ ಬಂದು ಯೆರೂಸಲೇಮನ್ನು ಸುತ್ತುಗಟ್ಟಿತು. ಒಂದೂವರೆ ವರ್ಷ ನಡೆದ ಆ ಮುತ್ತಿಗೆಯ ಒಂದು ಹಂತದಲ್ಲಿ, ಯೆಹೂದದ ಕೋಟೆಯ ಊರುಗಳಲ್ಲಿ ಲಾಕೀಷ್ ಮತ್ತು ಅಜೇಕ ಎಂಬ ಎರಡು ಮಾತ್ರ ಇನ್ನೂ ಬೀಳದೆ ನಿಂತಿದ್ದವೆಂದು ಯೆರೆಮೀಯನ ಗ್ರಂಥ ಹೇಳುತ್ತದೆ. 1935ರಲ್ಲಿ ಲಾಕೀಷಿನ ದಿಬ್ಬವನ್ನು ಅಗೆಯುತ್ತಿದ್ದ ಸ್ಟಾರ್ಕೀ ಎಂಬ ಪುರಾತತ್ತ್ವಜ್ಞನಿಗೆ ಕೋಟೆಯ ಬಾಗಿಲಿನ ಕಾವಲುಕೋಣೆಯಲ್ಲಿ ಮಸಿಯಿಂದ ಬರೆದ ಮಡಕೆಯ ಚೂರುಗಳು ದೊರೆತವು; ಹೊರಠಾಣೆಯವನೊಬ್ಬನು ತನ್ನ ಮೇಲಧಿಕಾರಿಗೆ ಬರೆದ ಓಲೆಗಳವು. ಅವುಗಳಲ್ಲೊಂದರಲ್ಲಿ, ತಾವು ಲಾಕೀಷಿನ ಸಂಕೇತದ ಬೆಂಕಿಗಾಗಿ ಕಾದಿರುವುದಾಗಿಯೂ ಅಜೇಕದ ಕಡೆಯಿಂದ ಏನೂ ಕಾಣಿಸುತ್ತಿಲ್ಲವೆಂದೂ ಆತನು ತಿಳಿಸಿದ್ದಾನೆ. ಬರೆದವನ ಮುಖ ಮರೆಯಾಗಿದ್ದರೂ ಅವನ ಕಳವಳವು ಮಡಕೆಯ ಚೂರಿನಲ್ಲಿ ನಮ್ಮವರೆಗೆ ಬಂದಿದೆ.

ಇಂಥ ಹೊತ್ತಿನಲ್ಲಿ ಯೆರೆಮೀಯನು ಅರಮನೆಯ ಕಾವಲಂಗಳದಲ್ಲಿ ಬಂದಿಯಾಗಿದ್ದನು; ಪಟ್ಟಣ ಬೀಳುತ್ತದೆಂದು ಹೇಳಿದ್ದೇ ಅವನ ಅಪರಾಧ. ಅಲ್ಲಿಗೆ ಅವನ ತಂದೆಯ ಸೋದರನ ಮಗ ಹನಮೇಲನು ಬಂದು, ಅನಾತೋತಿನ ತನ್ನ ಹೊಲವನ್ನು ಕೊಂಡುಕೊಳ್ಳೆಂದು ಕೇಳಿದನು. ಕುಲದ ಭೂಮಿ ಅನ್ಯರ ಪಾಲಾಗದಂತೆ ಸಮೀಪದ ದಾಯಾದಿಯು ಅದನ್ನು ಬಿಡಿಸಿಕೊಳ್ಳಬೇಕೆಂಬುದು ಇಸ್ರಾಯೇಲರ ಧರ್ಮ. ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಆ ಹೊಲವಿದ್ದ ಸೀಮೆಯನ್ನೆಲ್ಲ ಶತ್ರುಸೇನೆ ಆಕ್ರಮಿಸಿತ್ತು, ಕೊಳ್ಳುವವನು ಸೆರೆಯಲ್ಲಿದ್ದನು, ಅವನಿಗೆ ವಾರಸುದಾರರಿರಲಿಲ್ಲ, ಊರು ಯಾವುದು ಎಂದರೆ ಅವನನ್ನು ಕೊಲ್ಲಬೇಕೆಂದಿದ್ದ ಊರು. ಇಷ್ಟೆಲ್ಲ ಇದ್ದೂ ಯೆರೆಮೀಯನು ಕೊಂಡನು. ಬೆಲೆ 17 ಶೆಕೆಲ್ ಬೆಳ್ಳಿ. ಆ ಕಾಲದ ತೂಕದ ಕಲ್ಲುಗಳ ಪ್ರಕಾರ ಇಂದಿನ ಲೆಕ್ಕದಲ್ಲಿ 200 ಗ್ರಾಮಿಗೆ ಸ್ವಲ್ಪ ಕಡಿಮೆ.

ಈ ವ್ಯವಹಾರವನ್ನು ಗ್ರಂಥವು ವರ್ಣಿಸುವ ರೀತಿಯಲ್ಲಿ ವಿಶೇಷವಿದೆ. ಆಕಾಶ ಬಿರಿಯುವುದಿಲ್ಲ, ದೇವದೂತರು ಇಳಿಯುವುದಿಲ್ಲ. ಪತ್ರ ಬರೆದಾಯಿತು, ಮುದ್ರೆಯೊತ್ತಿಯಾಯಿತು, ಸಾಕ್ಷಿಗಳನ್ನು ಕರೆದು ರುಜು ಹಾಕಿಸಿದ್ದಾಯಿತು, ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿಕೊಟ್ಟದ್ದಾಯಿತು. ಮುದ್ರೆಯೊತ್ತಿ ಮುಚ್ಚಿದ ಪ್ರತಿಯೊಂದು, ತೆರೆದಿಟ್ಟ ಪ್ರತಿಯೊಂದು. ಮುಂದೆಂದಾದರೂ ತೆರೆದ ಪ್ರತಿಯನ್ನು ಯಾರಾದರೂ ತಿದ್ದಿದರೆ ಮುಚ್ಚಿದ್ದನ್ನು ಒಡೆದು ತಾಳೆನೋಡಬಹುದೆಂಬ ಏರ್ಪಾಡು. ಅಂಗಳದಲ್ಲಿ ಕುಳಿತಿದ್ದ ಯೆಹೂದ್ಯರೆಲ್ಲರ ಕಣ್ಣೆದುರಿಗೆ ಎರಡನ್ನೂ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಕೆಡದೆ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಈ ನಾಡಿನಲ್ಲಿ ಮನೆಗಳೂ ಹೊಲಗಳೂ ದ್ರಾಕ್ಷಿಯ ತೋಟಗಳೂ ಮತ್ತೊಮ್ಮೆ ಕ್ರಯವಿಕ್ರಯಕ್ಕೆ ಬರುವ ದಿನವುಂಟು ಎಂಬ ಘೋಷಣೆಯು ಬರುವುದು ಇದೆಲ್ಲ ಮುಗಿದ ಬಳಿಕ, ಒಂದೇ ಒಂದು ಮಾತಿನಲ್ಲಿ. ನಾಳೆಯ ಬಗ್ಗೆ ಭಾಷಣ ಮಾಡಬಲ್ಲವರು ಬಹಳ. ನಾಳೆ ಯಾರೋ ತಾಳೆನೋಡಿಯಾರೆಂದು ಇಂದು ಎರಡು ಪ್ರತಿ ಬರೆಯಿಸುವವನು ಅದನ್ನು ನಿಜವಾಗಿ ನಂಬಿದ್ದಾನೆ.

ಪತ್ರವನ್ನು ಕೊಟ್ಟ ಮೇಲೆ ಅವನಿಗೆ ಮನಶ್ಶಾಂತಿ ಬಂದಿತೆಂದೇನೂ ಗ್ರಂಥ ಹೇಳುವುದಿಲ್ಲ. ಬಂದದ್ದು ಸಂಶಯ. ಪಟ್ಟಣವು ಕತ್ತಿಗೂ ಬರಗಾಲಕ್ಕೂ ವ್ಯಾಧಿಗೂ ತುತ್ತಾಗಿ ಶತ್ರುವಿನ ಕೈಸೇರುತ್ತಿದೆ, ಮುತ್ತಿಗೆಯ ದಿಬ್ಬಗಳು ಗೋಡೆಯವರೆಗೂ ಬಂದಿವೆ. ಹೀಗಿರುವಾಗ ಹಣ ಕೊಟ್ಟು ಹೊಲ ಕೊಳ್ಳೆಂದು ನನಗೇಕೆ ಹೇಳಿದೆ ಎಂದು ಅವನು ದೇವರನ್ನೇ ಕೇಳಿದನು. ಕೆಲಸ ಮೊದಲು, ಅದರ ಅರ್ಥ ಆಮೇಲೆ. ನಂಬಿಕೆ ಪೂರ್ಣವಾಗಿ ಕೂಡಿಬಂದ ಮೇಲೆಯೇ ಹೆಜ್ಜೆಯಿಡುತ್ತೇನೆಂದು ಅವನು ಕಾದಿದ್ದರೆ ಹೊಲದ ವ್ಯವಹಾರ ನಡೆಯುತ್ತಲೇ ಇರಲಿಲ್ಲ.

ನಮ್ಮ ಮನೆಯಲ್ಲಿ ಹಿರಿಯರೊಬ್ಬರು ದೀರ್ಘಕಾಲ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಹೊಲವನ್ನು ಕೊಂಡ ಕಥೆಯ ಈ ಅಧ್ಯಾಯವು ನನಗೆ ಅತ್ಯಂತ ಸಮೀಪದ್ದಾಯಿತು. ನೋಡಲು ಬಂದವರು ಇನ್ನೇನು ಎಲ್ಲ ಸರಿಹೋಗುತ್ತದೆಂದು ಪ್ರೀತಿಯಿಂದಲೇ ಹೇಳಿ ಹೋಗುತ್ತಿದ್ದರು. ಅವರು ಹೋದ ಮೇಲೆ ಆ ಕೋಣೆಯಲ್ಲಿ ಉಳಿಯುತ್ತಿದ್ದ ಮೌನ ಮೊದಲಿಗಿಂತಲೂ ಭಾರವಾಗಿರುತ್ತಿತ್ತು. ರೋಗಿಗೆ ಮಾತ್ರ ಊರಿನ ಜಮೀನಿನ ಪಹಣಿಯಲ್ಲಿ ಹಳೆಯ ತಪ್ಪೊಂದು ಉಳಿದಿರುವುದರ ಯೋಚನೆ. ದಿಂಬಿಗೊರಗಿ ಕುಳಿತು, ಕನ್ನಡಕ ತರಿಸಿಕೊಂಡು, ಸರ್ವೆ ನಂಬರುಗಳನ್ನು ಒಂದೊಂದಾಗಿ ಓದಿಸಿ, ಖಾತೆಯು ಮಕ್ಕಳ ಹೆಸರಿಗೆ ಸರಿಯಾಗಿ ಆಗುವವರೆಗೂ ಬಿಡಲಿಲ್ಲ. ಆ ಹೊಲದ ಮುಂದಿನ ಬೆಳೆಯನ್ನು ತಾನು ಕಾಣುವುದಿಲ್ಲವೆಂಬುದು ಆ ಜೀವಕ್ಕೆ ತಿಳಿದಿತ್ತು. ಆ ಕಾಗದಗಳ ಮೇಲೆ ಬಾಗಿದ್ದ ಹೊತ್ತಿನಲ್ಲಿ ಮುಖದ ಮೇಲೆ ಮೂಡುತ್ತಿದ್ದ ಗೆಲುವು ಬೇರಾವ ಹೊತ್ತಿನಲ್ಲಿಯೂ ಕಂಡದ್ದಲ್ಲ.

ಯೆರೆಮೀಯನೂ ತನ್ನ ಹೊಲದಲ್ಲಿ ಬಿತ್ತಲಿಲ್ಲ. ಅಧಿಕಾರಿಗಳು ಅವನನ್ನು ಹಗ್ಗಗಳಿಂದ ನೀರಿಲ್ಲದ ಬಾವಿಯೊಳಕ್ಕೆ ಇಳಿಸಿದರು. ಅವನು ಕೆಸರಿನಲ್ಲಿ ಹೂತುಹೋಗುತ್ತಿದ್ದಾಗ ಅವನನ್ನು ಉಳಿಸಿದವನು ಸ್ವದೇಶದವನಲ್ಲ, ಅರಮನೆಯ ಸೇವಕನಾಗಿದ್ದ ಎಬೆದ್ಮೆಲೆಕನೆಂಬ ಕೂಷ್ಯನು. ಈತನು ಉಗ್ರಾಣದ ಕೆಳಗಣ ಕೋಣೆಯಿಂದ ಹರಕು ಬಟ್ಟೆಗಳನ್ನು ತಂದು, ಹಗ್ಗವು ಕಂಕುಳನ್ನು ಕೊಯ್ಯದಂತೆ ಅವನ್ನು ಕೆಳಗೆ ಇಟ್ಟುಕೊಳ್ಳೆಂದು ಹೇಳಿ ಮೇಲಕ್ಕೆ ಎಳೆಯಿಸಿದನು. ಅವಸರದ ಹೊತ್ತಿನಲ್ಲಿ ಹಳೆಯ ಬಟ್ಟೆಯನ್ನು ನೆನೆದ ಆ ಕರುಣೆಯನ್ನು ಗ್ರಂಥಕರ್ತನು ಬಿಡದೆ ದಾಖಲಿಸಿದ್ದಾನೆ. ಪ್ರವಾದಿಗಳ ಗ್ರಂಥಗಳಲ್ಲಿ ನನಗೆ ಅತಿಪ್ರಿಯವಾದ ಮನುಷ್ಯರಲ್ಲಿ ಇವನೊಬ್ಬ. ಪಟ್ಟಣವು ಕ್ರಿ.ಪೂ. 587ರ ಸುಮಾರಿನಲ್ಲಿ ಬಿದ್ದು, ದೇವಾಲಯವು ಸುಟ್ಟುಹೋಯಿತು. ಉಳಿದವರಲ್ಲಿ ಒಂದು ಗುಂಪು ಯೆರೆಮೀಯನನ್ನು ಅವನ ಮಾತಿಗೆ ವಿರುದ್ಧವಾಗಿ ಐಗುಪ್ತಕ್ಕೆ ಕರೆದೊಯ್ದಿತು. ಅವನ ಕೊನೆ ಏನಾಯಿತೆಂಬುದನ್ನು ಬೈಬಲು ಹೇಳುವುದಿಲ್ಲ. ಆದರೆ ಸೆರೆಯಿಂದ ಹಿಂದಿರುಗಿದವರ ಪಟ್ಟಿ ಎಜ್ರನ ಗ್ರಂಥದಲ್ಲಿದೆ, ಊರೂರಿನ ಲೆಕ್ಕವನ್ನು ಒಣ ಅಂಕಿಗಳಲ್ಲಿ ಕೊಡುವ ಪಟ್ಟಿ. ಅದರಲ್ಲಿ ಅನಾತೋತಿನವರು 128 ಮಂದಿ.

ಇತರ ಪ್ರವಾದಿಗಳೂ ಒಬ್ಬೊಬ್ಬರು ಒಂದೊಂದು ಬಗೆಯ ಇಕ್ಕಟ್ಟಿನಲ್ಲಿ ನಿಂತು ನುಡಿದವರೇ. ಹಬಕ್ಕೂಕನು ಅನ್ಯಾಯವನ್ನು ಕಂಡು ಎಷ್ಟು ಕಾಲ ಎಂದು ದೇವರೊಡನೆ ವಾದಿಸಿ, ಕೊನೆಗೆ ಅಂಜೂರ ಹೂಬಿಡದೆ, ಹಟ್ಟಿಯಲ್ಲಿ ದನವಿಲ್ಲದೆ ಹೋದರೂ ತನ್ನ ಆನಂದವನ್ನು ಬಿಡೆನೆಂದು ಹಾಡಿದನು. ಯೆಹೆಜ್ಕೇಲನು ಬಾಬಿಲೋನಿಯದ ಕಾಲುವೆಯ ದಂಡೆಯಲ್ಲಿ ವಲಸಿಗರ ನಡುವೆ ಬಾಳಿ, ಹೆಂಡತಿಯನ್ನು ಕಳೆದುಕೊಂಡು, ಒಣ ಎಲುಬುಗಳಿಂದ ತುಂಬಿದ ಕಣಿವೆಯನ್ನು ದರ್ಶನದಲ್ಲಿ ಕಂಡನು. ಆ ಎಲುಬುಗಳು ಬದುಕಬಲ್ಲವೆ ಎಂದು ದೇವರು ಕೇಳಿದಾಗ ಹೌದೆಂದೂ ಅನ್ನದೆ ಇಲ್ಲವೆಂದೂ ಅನ್ನದೆ, ಅದನ್ನು ನೀನೇ ಬಲ್ಲೆ ಎಂದನು. ದುಃಖಿತನಿಂದ ಇದಕ್ಕಿಂತ ಹೆಚ್ಚಿನ ಉತ್ತರವನ್ನು ಆ ಗ್ರಂಥ ಬಯಸುವುದಿಲ್ಲ.

ಅಬ್ರಹಾಮ್ ಜೋಶುವಾ ಹೆಶೆಲ್ ಈ ಗ್ರಂಥಗಳನ್ನು ಓದಿದ ಬಗೆಯನ್ನು ಇಲ್ಲಿ ಹೇಳದೆ ಇರಲಾರೆ. ವಾರ್ಸಾದಲ್ಲಿ 1907ರಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಪ್ರವಾದಿಗಳ ಪ್ರಜ್ಞೆಯನ್ನು ಕುರಿತು ಪ್ರಬಂಧ ಬರೆದ ಈ ವಿದ್ವಾಂಸರನ್ನು ನಾಜಿ ಸರಕಾರವು 1938ರಲ್ಲಿ ಜರ್ಮನಿಯಿಂದ ಹೊರದೂಡಿತು. ಅವರು ಅಮೆರಿಕವನ್ನು ಸೇರಿ ಬದುಕಿಕೊಂಡರು, ತಾಯಿಯೂ ಕೆಲವು ಸೋದರಿಯರೂ ನಾಜಿಗಳಿಂದಾದ ವಿನಾಶದಲ್ಲಿ ಅಳಿದರು. 1962ರಲ್ಲಿ ಅವರು ಪ್ರವಾದಿಗಳನ್ನು ಕುರಿತ ತಮ್ಮ ಮಹಾಗ್ರಂಥವನ್ನು ಇಂಗ್ಲಿಷಿನಲ್ಲಿ ಹೊರತಂದರು. ದೇವರು ಮನುಷ್ಯರ ಕಷ್ಟಕ್ಕೆ ಉದಾಸೀನನಾದ ಸಾಕ್ಷಿಯಲ್ಲ, ಅವನೂ ನೋಯುತ್ತಾನೆ, ಆ ನೋವನ್ನು ತನ್ನ ಮೈಯಲ್ಲಿ ತಾಳುವವನೇ ಪ್ರವಾದಿ ಎಂಬುದು ಅದರ ಹೃದಯ. ಕರಿಯರ ಮತದಾನದ ಹಕ್ಕಿಗಾಗಿ 1965ರಲ್ಲಿ ಸೆಲ್ಮಾ ಪಟ್ಟಣದಿಂದ ಹೊರಟ ಮೆರವಣಿಗೆಯ ಮುಂಚೂಣಿಯಲ್ಲಿ, ಮಾರ್ಟಿನ್ ಲೂಥರ್ ಕಿಂಗರ ಜೊತೆಯಲ್ಲಿ, ಬಿಳಿಯ ಗಡ್ಡದ ಹೆಶೆಲರೂ ನಡೆದರು. ಪ್ರವಾದಿಗಳನ್ನು ಓದಿದವನ ಕಾಲುಗಳು ಅಂಥ ಕಡೆಗೆ ಹೋಗುವುದು ಸಹಜವೇ ಆಗಿತ್ತು.

ಯೆಶಾಯನ ಗ್ರಂಥದ 40ನೆಯ ಅಧ್ಯಾಯದಿಂದ ಮುಂದಕ್ಕೆ ಕೇಳಿಬರುವ ಧ್ವನಿಯು ಸೆರೆಯ ಕೊನೆಗಾಲದ್ದೆಂದು ಬಹುಮಂದಿ ವಿದ್ವಾಂಸರು ನಿರ್ಣಯಿಸಿದ್ದಾರೆ. ಪಾರಸಿಕ ದೊರೆ ಕೋರೆಷನು ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ವಶಪಡಿಸಿಕೊಂಡ ಕಾಲದ ಸಂತೈಕೆ ಅದು. ಯೆಹೂದ್ಯರು ಈ ಸಂತೈಕೆಯನ್ನು ತಮ್ಮ ವರ್ಷದಲ್ಲಿ ಅಳವಡಿಸಿಕೊಂಡಿರುವ ಕ್ರಮವು, ಶೋಕವನ್ನು ಬಲ್ಲವರ ಬಹುಕಾಲದ ಅನುಭವದಿಂದ ಮೂಡಿದ್ದು. ದೇವಾಲಯದ ನಾಶವನ್ನು ನೆನೆಯುವ ಆವ್ ಮಾಸದ ಒಂಬತ್ತನೆಯ ದಿನ ಅವರು ಉಪವಾಸವಿದ್ದು, ನೆಲದ ಮೇಲೆ ಕುಳಿತು ಪ್ರಲಾಪಗಳ ಗ್ರಂಥವನ್ನು ಓದುತ್ತಾರೆ. ಅದಕ್ಕೆ ಮುಂಚಿನ ಮೂರು ಸಬ್ಬತ್ತುಗಳಲ್ಲಿ ಎಚ್ಚರಿಕೆಯ ಪಾಠಗಳು. ಅದರ ತರುವಾಯದ ಏಳು ಸಬ್ಬತ್ತುಗಳಲ್ಲಿ ಯೆಶಾಯನ ಈ ಭಾಗದಿಂದಲೇ ಆರಿಸಿದ ಸಾಂತ್ವನದ ಪಾಠಗಳು. ಎಚ್ಚರಿಸಲು ಮೂರು ವಾರ ಸಾಕು, ಸಂತೈಸಲು ಏಳು ವಾರ ಬೇಕು.

ಆ ಏಳು ಪಾಠಗಳನ್ನು ಗ್ರಂಥದ ಅನುಕ್ರಮದಲ್ಲಿ ಜೋಡಿಸಿಲ್ಲ. ಅದೇಕೆಂಬುದಕ್ಕೆ 14ನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿದ್ದ ದಾವೀದ ಅಬುದರ್ಹಾಂ ಎಂಬ ವಿದ್ವಾಂಸನ ಗ್ರಂಥದಲ್ಲಿ ಸುಂದರವಾದ ವಿವರಣೆಯಿದೆ: ಆ ಪಾಠಗಳ ಮೊದಲ ಮಾತುಗಳನ್ನು ಸಾಲಾಗಿ ಓದಿದರೆ ಅದೊಂದು ಸಂವಾದವಾಗುತ್ತದೆ. ಮೊದಲ ವಾರದಲ್ಲಿ ದೇವರು ತನ್ನ ಜನರನ್ನು ಸಂತೈಸಿರೆಂದು ಪ್ರವಾದಿಗಳಿಗೆ ಅಪ್ಪಣೆ ಕೊಡುತ್ತಾನೆ. ಎರಡನೆಯ ವಾರ ಸೀಯೋನ್ ನಗರಿಯು, ದೇವರು ನನ್ನ ಕೈಬಿಟ್ಟಿದ್ದಾನೆಂದು ಮುಖ ತಿರುಗಿಸುತ್ತಾಳೆ. ಮೂರನೆಯ ವಾರ ಪ್ರವಾದಿಗಳು ಹಿಂದಿರುಗಿ, ಆ ನೊಂದವಳು ಸಮಾಧಾನಗೊಳ್ಳಲೊಲ್ಲಳೆಂದು ದೇವರಿಗೆ ವರದಿ ಒಪ್ಪಿಸುತ್ತಾರೆ. ಆಗ ಯಾರೂ ಅವಳನ್ನು ಗದರಿಸುವುದಿಲ್ಲ, ನಂಬಿಕೆ ಸಾಲದೆಂದು ಬುದ್ಧಿ ಹೇಳುವುದಿಲ್ಲ. ನಾಲ್ಕನೆಯ ವಾರ ದೇವರು ದೂತರನ್ನು ಬಿಟ್ಟು ತಾನೇ ಮುಂದೆ ಬಂದು, ನಿನ್ನನ್ನು ಸಂತೈಸುವವನು ನಾನೇ ಎನ್ನುತ್ತಾನೆ. ಐದನೆಯ ವಾರ ಹಾಡೆಂದೂ, ಆರನೆಯ ವಾರ ಎದ್ದು ಬೆಳಗೆಂದೂ ಅವಳನ್ನು ಕರೆಯುತ್ತಾನೆ. ಹೊಸ ವರ್ಷಕ್ಕೆ ಮುಂಚಿನ ಏಳನೆಯ ಸಬ್ಬತ್ತಿನಲ್ಲಿ, ಇಷ್ಟು ವಾರ ಸಂತೈಕೆಯನ್ನು ಒಲ್ಲೆನೆಂದಿದ್ದ ಸೀಯೋನ್ ತನ್ನ ಬಾಯಿಂದಲೇ ತನ್ನ ಸಂತೋಷವನ್ನು ನುಡಿಯುತ್ತಾಳೆ.